ಕೆಟ್ಟ ಕೊಂಡಿಯನ್ನು ಕಂಡ ಕರ್ನಲ್: ಒಂದು ವಿಮರ್ಶೆ

ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯಲ್ಲಿ ಕರ್ನಲ್ ಎಂಬ ತಿರುಳು ಭಾಗಕ್ಕಿರುವ ಅಧಿಕಾರ ಬೇರಾವ ಭಾಗಕ್ಕೂ ಇಲ್ಲವೆಂಬುದು ವಿದಿತವೇ ಆಗಿದೆ. ಯಾವ ಪ್ರೋಗ್ರಾಮು ಯಾವಾಗ ಓಡಬೇಕು, ಮೆಮೊರಿಯ ಯಾವ ಪುಟ ಯಾರಿಗೆ ಸಲ್ಲಬೇಕು, ಯಾವ ಕಡತವನ್ನು ಯಾರು ತೆರೆದಿದ್ದಾರೆ, ಇವೆಲ್ಲದರ ಲೆಕ್ಕವನ್ನು ಇಡುವುದು ಅದೇ. ಸಾಮಾನ್ಯ ಪ್ರೋಗ್ರಾಮೊಂದು ತಪ್ಪು ಮಾಡಿದರೆ ಕರ್ನಲ್ ಅದನ್ನು ನಿಲ್ಲಿಸಿ, ಅದು ಹಿಡಿದಿದ್ದ ಮೆಮೊರಿಯನ್ನು ಹಿಂದಕ್ಕೆ ಪಡೆದು, ಮಿಕ್ಕವುಗಳ ಕೆಲಸ ಕೆಡದಂತೆ ನೋಡಿಕೊಳ್ಳುತ್ತದೆ. ಆದರೆ ತನ್ನ ಲೆಕ್ಕವೇ ಕೆಟ್ಟಿದೆಯೆಂದು ಕರ್ನಲ್ ತಾನೇ ಕಂಡುಕೊಂಡಾಗ ಮಾಡತಕ್ಕದ್ದೇನು? ದೂರು ಒಯ್ಯುವುದಕ್ಕೆ ಅದರ ಮೇಲೆ ಇನ್ನೊಬ್ಬ ಅಧಿಕಾರಿಯಿಲ್ಲ. ಈ ಪ್ರಶ್ನೆಗೆ ಲಿನಕ್ಸ್ ಕರ್ನಲ್‌ನಲ್ಲಿ ೨೦೦೬ರಿಂದ ಈಚೆಗೆ ಕೊಟ್ಟಿರುವ ಉತ್ತರಗಳನ್ನು ಪರಿಶೀಲಿಸಿ, ಅವುಗಳಲ್ಲಿ ಯಾವುದು ನಿಲ್ಲುವುದು, ಯಾವುದು ನಿಲ್ಲದು ಎಂದು ನೋಡುವುದು ಈ ಲೇಖನದ ಉದ್ದೇಶ.

ವಿಷಯ ಹೊಸದೆಂದು ತೋರಿದರೂ ಇದರ ಮೂಲರೂಪ ನಮಗೆ ಅಪರಿಚಿತವಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಂಥ ಪೇಟೆಯಲ್ಲಿ ಕೈಬರಹದ ಲೆಕ್ಕ ಇಡುತ್ತಿದ್ದ ಅಂಗಡಿಯ ಗುಮಾಸ್ತನನ್ನು ನೆನೆಯಬಹುದು. ದಿನದ ವ್ಯವಹಾರವನ್ನು ಆತ ಮೊದಲು ಕಿರ್ದಿಯಲ್ಲಿ ಬರೆಯುವನು. ಬಳಿಕ ಖಾತೆ ಪುಸ್ತಕಕ್ಕೆ ಎತ್ತುವನು. ಎತ್ತುವಾಗ ಕಿರ್ದಿಯ ಸಾಲಿನ ಮಗ್ಗುಲಲ್ಲಿ ಖಾತೆಯ ಪುಟಸಂಖ್ಯೆಯನ್ನೂ, ಖಾತೆಯ ಸಾಲಿನ ಮಗ್ಗುಲಲ್ಲಿ ಕಿರ್ದಿಯ ಪುಟಸಂಖ್ಯೆಯನ್ನೂ ಕಾಣಿಸುವುದು ಲೆಕ್ಕಶಾಸ್ತ್ರದ ಕ್ರಮ. ಒಂದರಿಂದ ಹೊರಟರೆ ಇನ್ನೊಂದನ್ನು ಮುಟ್ಟಬೇಕು. ಮುಟ್ಟಿದಲ್ಲಿಂದ ಹಿಂದಿರುಗಿದರೆ ಹೊರಟ ಸಾಲಿಗೇ ಬರಬೇಕು. ಹಾಗೆ ಬಾರದಿದ್ದರೆ ಎರಡರಲ್ಲೊಂದು ಪುಸ್ತಕ ಸುಳ್ಳಾಡುತ್ತಿದೆಯೆಂದೇ ಅರ್ಥ.

ಕರ್ನಲ್ ತನ್ನ ಬಹುಪಾಲು ಪಟ್ಟಿಗಳನ್ನು ಇಡುವ ಬಗೆಯೂ ಇದೇ. ಇಮ್ಮುಖ ಕೊಂಡಿಪಟ್ಟಿ ಎನ್ನಬಹುದಾದ ಆ ರಚನೆಯಲ್ಲಿ ಪ್ರತಿಯೊಂದು ಅಂಶವೂ ತನ್ನ ಮುಂದಿನದರ ವಿಳಾಸವನ್ನೂ ಹಿಂದಿನದರ ವಿಳಾಸವನ್ನೂ ಹೊತ್ತಿರುತ್ತದೆ. ಪಟ್ಟಿ ಸರಿಯಾಗಿದ್ದರೆ, ಯಾವುದೇ ಅಂಶದ ಮುಂದಿನದನ್ನು ಹಿಡಿದು ಅದರ ಹಿಂದಿನದು ಯಾರೆಂದು ಕೇಳಿದಾಗ ಮೊದಲಿನ ಅಂಶವೇ ಉತ್ತರವಾಗಿ ದೊರೆಯಬೇಕು. ಈ ಸರಳವಾದ ಪರೀಕ್ಷೆಯನ್ನು ಸೇರಿಸುವಾಗಲೂ ತೆಗೆಯುವಾಗಲೂ ಮಾಡಿ ನೋಡುವ ಪುಟ್ಟ ಭಾಗವೊಂದನ್ನು ರೆಡ್ ಹ್ಯಾಟ್ ಸಂಸ್ಥೆಯ ಡೇವ್ ಜೋನ್ಸ್ ಅವರು ೨೦೦೬ರಲ್ಲಿ ಬರೆದರು. ಪಟ್ಟಿಯಿಂದ ತೆಗೆದ ಅಂಶದ ಎರಡೂ ಕೊಂಡಿಗಳಲ್ಲಿ ಗುರುತಿನ ‘ವಿಷಸಂಖ್ಯೆ’ಗಳನ್ನು ಇಡುವ ಪದ್ಧತಿಯೂ ಇದೆ, ಒಂದೇ ಅಂಶವನ್ನು ಎರಡು ಸಲ ತೆಗೆಯಲು ಹೋದವನು ಆ ಸಂಖ್ಯೆಯನ್ನು ಎಡವಿ ಸಿಕ್ಕಿಬೀಳುತ್ತಾನೆ. ಪರೀಕ್ಷೆಯ ವೆಚ್ಚ ಒಂದೆರಡು ಹೋಲಿಕೆಗಳು ಮಾತ್ರ. ಆದರೂ ಅದನ್ನು ದೀರ್ಘಕಾಲ ದೋಷಶೋಧನೆಯ ಕಾಲಕ್ಕೆ ಮಾತ್ರ ತಕ್ಕ ಐಚ್ಛಿಕ ಸಾಮಗ್ರಿಯೆಂದು ಎಣಿಸಲಾಗಿತ್ತು. ೨೦೨೩ರ ೬.೬ ಆವೃತ್ತಿಯಲ್ಲಿ ಮಾರ್ಕೊ ಎಲ್ವರ್ ಅವರು ಅದರ ಹಗುರವಾದ ರೂಪವೊಂದನ್ನು ನಿತ್ಯೋಪಯೋಗಕ್ಕೆಂದೇ ಬೇರ್ಪಡಿಸಿದರು.

ಪತ್ತೆಹಚ್ಚುವ ಕೆಲಸದ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ; ಅದು ಚೆನ್ನಾಗಿಯೇ ಇದೆ. ಆದರೆ ಪತ್ತೆಯಾದುದು ಏನೆಂಬುದನ್ನು ಸರಿಯಾಗಿ ತಿಳಿಯದೆ ಮುಂದಿನ ವಾದವನ್ನು ತೂಗಲಾಗುವುದಿಲ್ಲ. ಕೊಂಡಿ ತಾಳೆಯಾಗಲಿಲ್ಲವೆಂದರೆ ಕರ್ನಲ್‌ಗೆ ಗೊತ್ತಾದುದು ಒಂದೇ ಸಂಗತಿ: ಈ ಸ್ಥಳದಲ್ಲಿ, ಈ ಕ್ಷಣದಲ್ಲಿ, ಈ ಎರಡು ವಿಳಾಸಗಳು ಒಂದನ್ನೊಂದು ಒಪ್ಪುವುದಿಲ್ಲ. ಕೆಡಿಸಿದವರಾರು, ಯಾವಾಗ, ಇನ್ನೆಲ್ಲೆಲ್ಲಿ ಕೆಟ್ಟಿದೆ ಎಂಬುದು ಇದರಿಂದ ಗೊತ್ತಾಗುವುದಿಲ್ಲ. ಬಿಟ್ಟುಕೊಟ್ಟ ಮೆಮೊರಿಯ ಮೇಲೆ ಯಾವುದೋ ಡ್ರೈವರು ಗಂಟೆಯ ಕೆಳಗೆ ಬರೆದಿರಬಹುದು. ಎರಡು ಪ್ರೊಸೆಸರುಗಳು ಬೀಗ ಹಾಕದೆ ಒಂದೇ ಪಟ್ಟಿಯನ್ನು ತಿದ್ದಿರಬಹುದು. ಮೆಮೊರಿಯ ಚಿಪ್ಪಿನಲ್ಲೇ ಒಂದು ಬಿಟ್ಟು ಮಗುಚಿರಬಹುದು. ಅಥವಾ ಹೊರಗಿನ ದುರುಳನೊಬ್ಬ ಬೇಕೆಂದೇ ಕೊಂಡಿಯನ್ನು ತಿರುಚಿರಬಹುದು. ಸಿಕ್ಕಿಬೀಳುವ ಪ್ರೋಗ್ರಾಮು ಬಹುಮಟ್ಟಿಗೆ ನಿರಪರಾಧಿ. ಕೆಟ್ಟ ಪಟ್ಟಿಯನ್ನು ಮುಟ್ಟಿದ್ದಷ್ಟೇ ಅದರ ಪಾಲಿಗೆ ಬಂದ ತಪ್ಪು. ಖಾತೆ ತಾಳೆಯಾಗದೆ ಇದ್ದಾಗ ಆ ದಿನ ಪುಸ್ತಕ ತೆರೆದ ಹುಡುಗನನ್ನು ಗದರಿಸುವ ಯಜಮಾನರು ಪೇಟೆಯಲ್ಲಿ ಇಲ್ಲದಿಲ್ಲ.

ಜೋನ್ಸ್ ಅವರ ಪರೀಕ್ಷೆ ಮೊದಲಿಗೆ ‘ಬಗ್’ ಎಂಬ ಆದೇಶವನ್ನು ಕೊಡುತ್ತಿತ್ತು. ಹೆಸರನ್ನು ನೋಡಿ ಯಂತ್ರವೇ ನಿಲ್ಲುವುದೆಂದು ಭಾವಿಸಬಾರದು. ಲಿನಕ್ಸಿನಲ್ಲಿ ಈ ಆದೇಶವು ಸಾಮಾನ್ಯವಾಗಿ ಕೊಲ್ಲುವುದು ಆ ಹೊತ್ತಿಗೆ ಓಡುತ್ತಿದ್ದ ಪ್ರೋಗ್ರಾಮನ್ನು ಮಾತ್ರ. ಇಂಟರಪ್ಟನ್ನು ನಿರ್ವಹಿಸುತ್ತಿರುವಾಗ ಬಂದರೆ, ಇಲ್ಲವೇ ಆಡಳಿತಗಾರನು ಮೊದಲೇ ಹಾಗೆ ಗೊತ್ತುಪಡಿಸಿದ್ದರೆ, ಆಗ ಇಡೀ ಯಂತ್ರ ನಿಲ್ಲುತ್ತದೆ. ಸತ್ತ ಪ್ರೋಗ್ರಾಮಿನ ಪರವಾಗಿ ಕರ್ನಲ್ ಹಿಡಿದಿದ್ದ ಬೀಗಗಳು ಹಿಡಿದಂತೆಯೇ ಉಳಿಯುತ್ತವೆ. ಆ ಬೀಗಕ್ಕಾಗಿ ಕಾದವರು ಕಾಯುತ್ತಲೇ ಇರುತ್ತಾರೆ. ಯಂತ್ರವು ಸಾಯದೆ, ಬದುಕದೆ, ತನಗೇನಾಯಿತೆಂಬ ವರದಿಯನ್ನು ಡಿಸ್ಕಿಗೆ ಬರೆಯಲೂ ಆಗದೆ ಸ್ತಬ್ಧವಾಗುವುದುಂಟು. ಬಳಿಕ ಆ ಆದೇಶದ ಬದಲು ‘ವಾರ್ನ್’ ಎಂಬ ಎಚ್ಚರಿಕೆಯ ಆದೇಶ ಬಂತು: ವರದಿ ಬರೆ, ಕೆಲಸ ಮುಂದುವರಿಸು.

ಲಿನಕ್ಸಿನ ಮೂಲಕರ್ತರಾದ ಲಿನಸ್ ಟೋರ್ವಾಲ್ಡ್ಸ್ ಅವರು ಈ ಎರಡನೆಯ ಪಕ್ಷದ ಪ್ರಬಲ ಪ್ರತಿಪಾದಕರು. ೨೦೧೬ರ ಅಕ್ಟೋಬರಿನಲ್ಲಿ, ೪.೮ ಆವೃತ್ತಿಯ ಬಿಡುಗಡೆಗೆ ತೀರ ಹತ್ತಿರದಲ್ಲಿ ಒಳಬಂದ ಪರೀಕ್ಷೆಯೊಂದು ಇದೇ ಬಗ್ ಆದೇಶವನ್ನು ಬಳಸಿದ್ದುದಕ್ಕೆ ಅವರು ತೋರಿದ ಕೋಪ ಪ್ರಸಿದ್ಧವಾದದ್ದು. ಅವರ ಬೈಗಳನ್ನು ಇಲ್ಲಿ ಎತ್ತಿಕೊಡುವ ಅಗತ್ಯವಿಲ್ಲ. ವಾದ ಮಾತ್ರ ಗಮನಾರ್ಹವಾದುದು. ತಪ್ಪನ್ನು ಕಂಡ ಮಾತ್ರಕ್ಕೆ ಬಳಕೆದಾರನ ಯಂತ್ರವನ್ನು ಕೆಡವುವ ಹಕ್ಕು ಪ್ರೋಗ್ರಾಮು ಬರೆಯುವವನಿಗಿಲ್ಲ. ಯಂತ್ರ ಬದುಕಿದ್ದರೆ ತಾನೆ ಬಳಕೆದಾರನು ವರದಿಯನ್ನು ಓದಿ ಕಳಿಸಿಯಾನು. ಕರ್ನಲ್‌ನೊಡನೆ ಬರುವ ಅಧಿಕೃತ ದಸ್ತಾವೇಜಿನಲ್ಲಿಯೂ ಈಗ ಬಗ್ ಆದೇಶವನ್ನು ಹೊಸದಾಗಿ ಬಳಸಬಾರದೆಂದು ಸ್ಪಷ್ಟವಾಗಿ ಬರೆದಿದೆ.

ಎದುರು ಪಕ್ಷದ ವಾದಕ್ಕೂ ಬಲವಿಲ್ಲದಿಲ್ಲ. ಪಟ್ಟಿಯಿಂದ ಅಂಶವೊಂದನ್ನು ತೆಗೆಯುವುದೆಂದರೆ ಎರಡು ಬರಹಗಳು: ಮುಂದಿನದರ ಹಿಂಗೊಂಡಿಯಲ್ಲಿ ಹಿಂದಿನದರ ವಿಳಾಸ, ಹಿಂದಿನದರ ಮುಂಗೊಂಡಿಯಲ್ಲಿ ಮುಂದಿನದರ ವಿಳಾಸ. ಆ ಎರಡು ವಿಳಾಸಗಳು ದುರುಳನ ಕೈಗೆ ಸಿಕ್ಕಿದ್ದರೆ, ಅವನು ಹೇಳಿದ ಜಾಗದಲ್ಲಿ ಅವನು ಹೇಳಿದ್ದನ್ನು ಕರ್ನಲ್ ತನ್ನ ಕೈಯಾರೆ ಬರೆದುಕೊಡುತ್ತದೆ. ಬೀಗದ ಕೈಯನ್ನು ಕಳ್ಳನಿಗೆ ಕಾವಲುಗಾರನೇ ಕೊಟ್ಟಂತೆ. ಇದನ್ನು ಮನಗಂಡು ಕೀಸ್ ಕುಕ್ ಅವರು ೨೦೧೬ರಲ್ಲಿ ಆಯ್ಕೆಯೊಂದನ್ನು ರಚಿಸಿದರು, ೨೦೧೭ರ ೪.೧೦ ಆವೃತ್ತಿಯಲ್ಲಿ ಅದು ಜನರ ಕೈಸೇರಿತು. ಕರ್ನಲ್ ಕಟ್ಟುವವನು ಈ ಆಯ್ಕೆಯನ್ನು ಹಚ್ಚಿದರೆ ದತ್ತರಚನೆ ಕೆಟ್ಟದ್ದು ಕಂಡೊಡನೆ ಬಗ್. ಹಚ್ಚದಿದ್ದರೆ ಬರಿಯ ಎಚ್ಚರಿಕೆ. ಮೈಕ್ರೋಸಾಫ್ಟ್ ಸಂಸ್ಥೆಯ ದಾರಿ ಇದಕ್ಕಿಂತ ಸೀದಾ. ೨೦೧೨ರ ವಿಂಡೋಸ್ ೮ರಿಂದ ಈಚೆಗೆ ಅಲ್ಲಿ ಕೊಂಡಿ ಕೆಟ್ಟದ್ದು ಕಂಡರೆ ಯಂತ್ರ ನಿಂತೇ ಹೋಗುತ್ತದೆ. ನಿಲುಗಡೆಯ ಸಂಖ್ಯೆ ಹದಿನಾರರ ಮೂಲದಲ್ಲಿ ೧೩೯, ಅದರೊಡನೆ ಬರುವ ಮೊದಲ ಅಂಕಿ ೩ ಆಗಿದ್ದರೆ ಪಟ್ಟಿಯ ಕೊಂಡಿ ಕೆಟ್ಟಿತೆಂದು ತಿಳಿಯಬೇಕು.

ಕುಕ್ ಅವರ ತಿದ್ದುಪಡಿಯಲ್ಲಿ ಇನ್ನೊಂದು ನಿಯಮವೂ ಇತ್ತು. ನಿಲ್ಲಿಸು, ಮುಂದುವರಿಸು ಎಂಬ ಗದ್ದಲದಲ್ಲಿ ಅದು ಮರೆಯಾಗಿ ಹೋದದ್ದು ವಿಷಾದಕರ, ಏಕೆಂದರೆ ನಮ್ಮ ಅಭಿಪ್ರಾಯದಲ್ಲಿ ಅದೇ ಮುಖ್ಯವಾದುದು. ಯಂತ್ರವನ್ನು ನಿಲ್ಲಿಸದೆ ಇದ್ದರೂ, ಕೆಟ್ಟಿದೆಯೆಂದು ತಿಳಿದ ರಚನೆಯ ಮೇಲೆ ಕೆಲಸವನ್ನು ಮುಂದುವರಿಸಕೂಡದು. ಪರೀಕ್ಷೆ ಸೋತರೆ ಕೊಂಡಿ ಹಾಕುವ ಅಥವಾ ಕಳಚುವ ಕಾರ್ಯವನ್ನು ಅಲ್ಲಿಗೇ ಕೈಬಿಡಬೇಕು. ಮೇಲ್ನೋಟಕ್ಕೆ ಇದು ಮಧ್ಯಮ ಮಾರ್ಗವೆಂದೇ ತೋರುತ್ತದೆ: ಯಂತ್ರವೂ ಬದುಕಿತು, ದುರುಳನ ಬರಹವೂ ತಪ್ಪಿತು.

ಆದರೆ ಮೂಲಪಾಠವನ್ನು ಸಾಲುಸಾಲಾಗಿ ಓದಿದವನಿಗೆ ಈ ಸಮಾಧಾನ ಬಹಳ ಹೊತ್ತು ಉಳಿಯುವುದಿಲ್ಲ. ಪಟ್ಟಿಗೆ ಸೇರಿಸುವ ಫಂಕ್ಷನ್ ತನ್ನನ್ನು ಕರೆದವನಿಗೆ ಯಾವ ಉತ್ತರವನ್ನೂ ಕೊಡುವುದಿಲ್ಲ. ಪರೀಕ್ಷೆ ಸೋತು ಅದು ಸುಮ್ಮನೆ ಹಿಂದಿರುಗಿದರೆ, ಕರೆದವನು ತನ್ನ ಅಂಶ ಪಟ್ಟಿಯಲ್ಲಿದೆಯೆಂದೇ ನಂಬಿ ಮುಂದೆ ಸಾಗುತ್ತಾನೆ. ತೆಗೆಯುವ ಫಂಕ್ಷನ್ನಿನ ಸ್ಥಿತಿ ಇನ್ನೂ ವಿಷಮ. ಅಲ್ಲಿ ಪರೀಕ್ಷೆ ಸೋತಾಗ ನೆರೆಯ ಅಂಶಗಳ ಕೊಂಡಿಯನ್ನು ಮುಟ್ಟುವುದಿಲ್ಲ, ನಿಜ. ಆದರೆ ತೆಗೆಯಬೇಕಾಗಿದ್ದ ಅಂಶದಲ್ಲಿ ಮಾತ್ರ ವಿಷಸಂಖ್ಯೆಗಳನ್ನು ಬರೆದೇ ಬರೆಯುತ್ತದೆ, ತೆಗೆದದ್ದು ಸಫಲವಾದಾಗ ಹೇಗೋ ಹಾಗೆಯೇ. ಬಹುಮಟ್ಟಿನ ಕಡೆಗಳಲ್ಲಿ ಮುಂದಿನ ಸಾಲೇ ಆ ಅಂಶದ ಮೆಮೊರಿಯನ್ನು ಬಿಟ್ಟುಕೊಡುವುದು. ನೆರೆಯ ಅಂಶವೊಂದು ಇನ್ನೂ ಅದರ ಕಡೆಗೆ ಬೊಟ್ಟುಮಾಡುತ್ತಿದ್ದರೆ, ಆ ಬೊಟ್ಟು ಈಗ ಪರರ ಪಾಲಾದ ಜಾಗವನ್ನು ತೋರುತ್ತದೆ. ಹೀಗೆ ಒಂದು ವಿಕೃತಿಯನ್ನು ಕಂಡು ಬಿಟ್ಟುಬಿಟ್ಟ ಕ್ರಿಯೆಯೇ ಎರಡನೆಯ ವಿಕೃತಿಗೆ ಬೀಜವಾಗಬಲ್ಲದು. ಕೆಲಸವನ್ನು ಕೈಬಿಡುವುದೆಂದರೆ ಏನೂ ಮಾಡದಿರುವುದೆಂದು ತಿದ್ದುಪಡಿ ಭಾವಿಸಿತು. ಪಟ್ಟಿಯನ್ನು ನಂಬಿದ ನೂರಾರು ಕರೆಗಾರರ ಮಧ್ಯದಲ್ಲಿ ಏನೂ ಮಾಡದಿರುವುದೂ ಒಂದು ಕ್ರಿಯೆಯೇ.

ಲೆಕ್ಕಶಾಸ್ತ್ರವು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾಗಿದೆ. ತಾಳೆಪಟ್ಟಿ ಕೂಡಿಬಾರದಿದ್ದರೆ ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಯೆಂಬ ಹೆಸರಿನಲ್ಲಿ ತಾತ್ಕಾಲಿಕವಾಗಿ ಕಾಣಿಸುತ್ತಾರೆ. ತಪ್ಪು ಸಿಕ್ಕಿದ ದಿನ ಆ ಖಾತೆಯನ್ನು ಮುಚ್ಚುತ್ತಾರೆ. ಅಂಗಡಿ ನಡೆಯುತ್ತದೆ, ಆದರೆ ಅನುಮಾನಕ್ಕೆ ಒಂದು ಹೆಸರು, ಒಂದು ಪುಟ, ಒಂದು ಮೊತ್ತ ಇರುತ್ತದೆ. ಲಿನಕ್ಸಿನ ಮಧ್ಯಮ ಮಾರ್ಗದಲ್ಲಿ ಅಂಥ ಖಾತೆಯಿಲ್ಲ. ಕೈಬಿಟ್ಟ ಅಂಶ ಎಲ್ಲಿಯೂ ದಾಖಲಾಗುವುದಿಲ್ಲ. ಅದರ ಮೆಮೊರಿಯನ್ನು ಬಿಟ್ಟುಕೊಡದಂತೆ ತಡೆಯುವವರಿಲ್ಲ. ಉಳಿಯುವುದು ವರದಿಯ ಕೆಲವು ಸಾಲುಗಳು. ಕಡೆಯ ಪಕ್ಷ ಪರೀಕ್ಷೆಯ ಫಲವನ್ನು ಕರೆದವನಿಗೆ ತಿಳಿಸುವ ಏರ್ಪಾಡಾದರೂ ಇರಬೇಕಾಗಿತ್ತು ಎನ್ನಬಹುದು. ಆದರೆ ಸಾವಿರಾರು ಕಡೆ ಬಳಕೆಯಾಗುವ ಫಂಕ್ಷನ್ನಿಗೆ ಈಗ ಉತ್ತರ ಕೊಡಲು ಕಲಿಸುವುದು, ಕರೆದವರಿಗೆಲ್ಲ ಆ ಉತ್ತರವನ್ನು ಕೇಳಲು ಕಲಿಸುವುದು, ಆಗಿಹೋಗುವ ಕೆಲಸವಲ್ಲವೆಂಬುದನ್ನೂ ಒಪ್ಪಬೇಕಾಗುತ್ತದೆ.

ಹಾಗಾದರೆ ಆ ವರದಿಯನ್ನು ಓದುವವರಾರು? ಟೋರ್ವಾಲ್ಡ್ಸ್ ಅವರ ವಾದದ ಜೀವಾಳವಿರುವುದು ಓದುಗನೊಬ್ಬನಿದ್ದಾನೆ ಎಂಬ ನಂಬಿಕೆಯಲ್ಲಿ. ಕರ್ನಲ್ ಬರೆಯುವವರ ಬಳಗದಲ್ಲಿ ಆ ನಂಬಿಕೆ ನಿಜ. ಗಾಂಧಿ ಬಜಾರಿನ ಜವಳಿ ಅಂಗಡಿಯೊಂದರಲ್ಲಿ ದೀಪಾವಳಿಯ ಹಿಂದಿನ ಸಂಜೆ ಬಿಲ್ಲು ಹಾಕುತ್ತಿರುವ ಲಿನಕ್ಸ್ ಯಂತ್ರವನ್ನು ಭಾವಿಸೋಣ. ಕೊಂಡಿ ತಾಳೆಯಾಗಲಿಲ್ಲ; ಎಚ್ಚರಿಕೆ ಬರೆದಾಯಿತು; ಬರೆದದ್ದು ಯಾರೂ ತೆರೆಯದ ಕಡತದಲ್ಲಿ. ಗಿರಾಕಿಗಳು ಕಾಯುತ್ತಿದ್ದಾರೆ, ಬಿಲ್ಲು ಬರುತ್ತಲೂ ಇದೆ. ಮೂರು ಗಂಟೆಯ ಮೇಲೆ ಕೆಟ್ಟ ಮೆಮೊರಿಯ ಪುಟವೊಂದು ಡಿಸ್ಕಿಗೆ ಹೋಗಿ ದಾಸ್ತಾನಿನ ಲೆಕ್ಕವನ್ನೇ ಸುಳ್ಳುಮಾಡಿದರೆ ಆ ನಷ್ಟವನ್ನು ಎಚ್ಚರಿಕೆಯ ಸಾಲು ತುಂಬಿಕೊಡುವುದಿಲ್ಲ. ಅದೇ ಸಂಜೆ ಕೂಡಲೇ ನಿಂತು ಮತ್ತೆ ಎದ್ದಿದ್ದರೆ ಹೋಗುತ್ತಿದ್ದುದು ಕೆಲವು ನಿಮಿಷ, ಅರ್ಧ ಬರೆದ ಒಂದು ಬಿಲ್ಲು. ಅಂಗಡಿಯ ಯಂತ್ರಕ್ಕೆ ನಿಲ್ಲುವುದೇ ಲೇಸೆಂದು ನಮಗೆ ತೋರುತ್ತದೆ. ನಡುದಾರಿಯಲ್ಲಿ ನಿಲ್ಲಬಾರದ ಯಂತ್ರಗಳೂ ಉಂಟು. ಅಲ್ಲಿ ತೀರ್ಪು ಬೇರೆಯಾದೀತು. ಇದಕ್ಕೆಂದೇ ಎಚ್ಚರಿಕೆಯನ್ನೂ ನಿಲುಗಡೆಯಾಗಿ ಮಾರ್ಪಡಿಸುವ ಕೀಲಿಯನ್ನು ೨೦೧೫ರ ೩.೧೯ ಆವೃತ್ತಿಯಿಂದ ಆಡಳಿತಗಾರನ ಕೈಗೆ ಕೊಟ್ಟಿದ್ದಾರೆ. ೨೦೨೩ರ ೬.೨ ಆವೃತ್ತಿಯಿಂದ ಕರ್ನಲ್ ಸಹಿಸಿಕೊಳ್ಳುವ ಇಂಥ ಆಘಾತಗಳಿಗೆ ೧೦,೦೦೦ದ ಮಿತಿಯನ್ನೂ ಹಾಕಲಾಗಿದೆ. ಅದನ್ನು ಮುಟ್ಟಿದರೆ ಯಂತ್ರ ನಿಲ್ಲುತ್ತದೆ. ಆಘಾತವನ್ನು ಮತ್ತೆ ಮತ್ತೆ ಉಂಟುಮಾಡಿ ಒಳಗಿನ ಎಣಿಕೆಯೊಂದನ್ನು ತುಂಬಿ ಹರಿಸುವ ದುರುಳತನಕ್ಕೆ ಈ ಮಿತಿ ತಡೆ. ಅಂಗಡಿಯವನಿಗೆ ಹತ್ತುಸಾವಿರ ಆಘಾತಗಳೆಂಬುದು ಮಿತಿಯೇ ಅಲ್ಲ.

ನಿಲ್ಲುವುದೆಂದು ಒಪ್ಪಿದ ಮೇಲೂ ನಿಲ್ಲುವ ರೀತಿ ಎಂಬುದೊಂದಿದೆ. ೧೯೭೫ರ ಯೂನಿಕ್ಸ್ ಆರನೆಯ ಆವೃತ್ತಿಯ ‘ಪ್ಯಾನಿಕ್’ ಎಂಬ ಫಂಕ್ಷನ್ ನಾಲ್ಕೈದು ಸಾಲಿನದು. ಆಸ್ಟ್ರೇಲಿಯದ ಜಾನ್ ಲಯನ್ಸ್ ಅವರು ತಮ್ಮ ವಿದ್ಯಾರ್ಥಿಗಳಿಗಾಗಿ ಆ ಮೂಲಪಾಠಕ್ಕೆ ಬರೆದ ವ್ಯಾಖ್ಯಾನದಿಂದ ಅದು ಪ್ರಸಿದ್ಧವಾಯಿತು. ಪೂರ್ವದ ಮಲ್ಟಿಕ್ಸ್ ವ್ಯವಸ್ಥೆಯಲ್ಲಿ ತಪ್ಪಿನಿಂದ ಚೇತರಿಸಿಕೊಳ್ಳುವ ಭಾಗಗಳು ಬಹಳವಿದ್ದುವು. ಯೂನಿಕ್ಸಿನವರು ಅವನ್ನೆಲ್ಲ ಬಿಟ್ಟು, ಪ್ಯಾನಿಕ್ ಕರೆದರೆ ಯಂತ್ರ ಬೀಳುತ್ತದೆ, ಮತ್ತೆ ಎಬ್ಬಿಸೆಂದು ಪಡಸಾಲೆಯಲ್ಲಿ ಕೂಗಿ ಹೇಳಿದರಾಯಿತು ಎಂದು ಡೆನಿಸ್ ರಿಚಿ ಅವರು ಹೇಳಿದ್ದುದಾಗಿ ಮಲ್ಟಿಕ್ಸಿನ ಟಾಮ್ ವಾನ್ ವ್ಲೆಕ್ ಬರೆದಿದ್ದಾರೆ. ಈ ಸರಳತೆ ಮೆಚ್ಚತಕ್ಕದ್ದೇ. ಆದರೆ ಆ ಫಂಕ್ಷನ್ ಸಂದೇಶವನ್ನು ಮುದ್ರಿಸುವುದಕ್ಕೂ ಮೊದಲು ಮೆಮೊರಿಯಲ್ಲಿ ಬಾಕಿಯಿದ್ದುದನ್ನೆಲ್ಲ ಡಿಸ್ಕಿಗೆ ಬರೆಯುತ್ತಿತ್ತು. ತನ್ನ ಲೆಕ್ಕ ಕೆಟ್ಟಿದೆಯೆಂದು ಸಾರುವ ಗುಮಾಸ್ತನು ಸಾರುವ ಮೊದಲು ಆ ಕೆಟ್ಟ ಲೆಕ್ಕವನ್ನೇ ಖಾತೆಗೆ ಎತ್ತಿಟ್ಟಂತಾಯಿತು. ಲಿನಕ್ಸಿನ ಹಳೆಯ ಆವೃತ್ತಿಗಳಲ್ಲಿಯೂ ಈ ಪದ್ಧತಿಯಿತ್ತು. ಇಂಟರಪ್ಟಿನ ಮಧ್ಯದಲ್ಲಿ ಬಿದ್ದಾಗ ‘ನಾಟ್ ಸಿಂಕಿಂಗ್’, ಅಂದರೆ ಡಿಸ್ಕಿಗೆ ಬರೆಯುವುದಿಲ್ಲ, ಎಂದು ತಿಳಿಸುತ್ತಿತ್ತು. ಇಂದು ಎಂದಿಗೂ ಬರೆಯುವುದಿಲ್ಲ. ಆದರೂ ಲಿನಕ್ಸಿನ ಪ್ರತಿಯೊಂದು ನಿಲುಗಡೆಯ ಸಂದೇಶದಲ್ಲಿ ಆ ಎರಡು ಮಾತುಗಳು ಉಳಿದುಕೊಂಡಿವೆ. ಶಾಸನದ ಕಲ್ಲಿನಲ್ಲಿ ಹಳೆಯ ಪದವೊಂದು ಉಳಿದಂತೆ ಅವು ಪದ್ಧತಿ ಬದಲಾದುದಕ್ಕೆ ಸಾಕ್ಷಿ.

ಡಿಸ್ಕಿಗೆ ಬರೆಯಬಾರದೆಂದಾದ ಮೇಲೆ ಸಾಕ್ಷ್ಯದ ಗತಿಯೇನು? ಕೆಡಿಸಿದವನನ್ನು ಹಿಡಿಯಬೇಕಾದರೆ ಬಿದ್ದ ಕ್ಷಣದ ಮೆಮೊರಿ ಪೂರ್ತಿಯಾಗಿ ಬೇಕು. ಅದನ್ನು ಬರೆದಿಡಬೇಕಾದದ್ದು ಈಗಾಗಲೇ ನಂಬಿಕೆ ಕಳೆದುಕೊಂಡ ಕರ್ನಲ್. ಹಿಂದಿನ ಕೆಲವು ಏರ್ಪಾಡುಗಳು ಬಿದ್ದ ಕರ್ನಲ್‌ನ ಡ್ರೈವರುಗಳಿಂದಲೇ ಈ ಕೆಲಸವನ್ನು ಮಾಡಿಸಲು ಹೋಗಿ ಅನೇಕ ವೇಳೆ ಸೋತವು. ಇದಕ್ಕೆ ದೊರೆತ ಪರಿಹಾರ ನಮ್ಮ ರಾಜ್ಯಕ್ಕೆ ಸಂಬಂಧಪಟ್ಟದ್ದೆಂಬುದನ್ನು ಇಲ್ಲಿನ ವಿದ್ಯಾರ್ಥಿಗಳು ಅರಿಯುವುದು ಒಳ್ಳೆಯದು. ಬೆಂಗಳೂರಿನಲ್ಲಿದ್ದ ಐಬಿಎಂ ಸಂಸ್ಥೆಯ ಲಿನಕ್ಸ್ ತಾಂತ್ರಿಕ ಕೇಂದ್ರದಲ್ಲಿ ಬೆಳೆದ ‘ಕೆಡಂಪ್’ ಎಂಬ ವಿಧಾನವನ್ನು ವಿವೇಕ್ ಗೋಯಲ್, ಎರಿಕ್ ಬೀಡರ್‌ಮನ್, ಹರಿಪ್ರಸಾದ್ ನೆಲ್ಲಿತೀರ್ಥ ಅವರು ೨೦೦೫ರಲ್ಲಿ ಆಟವಾದ ಲಿನಕ್ಸ್ ಸಮ್ಮೇಳನದ ಪ್ರಬಂಧದಲ್ಲಿ ನಿರೂಪಿಸಿದರು. ಅದೇ ವರ್ಷ ೨.೬.೧೩ ಆವೃತ್ತಿಯಲ್ಲಿ ಅದು ಕರ್ನಲ್ ಸೇರಿತು. ಯಂತ್ರ ಎದ್ದಾಗಲೇ ಮೆಮೊರಿಯ ಒಂದು ಭಾಗವನ್ನು ಮೀಸಲಿಟ್ಟು ಅಲ್ಲಿ ಎರಡನೆಯ ಕರ್ನಲ್ ಒಂದನ್ನು ಮಲಗಿಸಿರುತ್ತಾರೆ. ಮೊದಲನೆಯದು ಬಿದ್ದಾಗ ಅದು ಬೇರೇನನ್ನೂ ಮಾಡಲು ಯತ್ನಿಸದೆ ಎರಡನೆಯದಕ್ಕೆ ಹಾರುತ್ತದೆ. ಹೊಸ ಕರ್ನಲ್ ಶುದ್ಧವಾದ ತನ್ನ ಲೆಕ್ಕದೊಡನೆ ಎದ್ದು, ಹಳೆಯದರ ಮೆಮೊರಿಯನ್ನು ಒಂದು ಕಡತವೆಂಬಂತೆ ಓದಿ ಡಿಸ್ಕಿಗೋ ಬೇರೊಂದು ಯಂತ್ರಕ್ಕೋ ಸಾಗಿಸುತ್ತದೆ.

ಈ ರಚನೆಯಲ್ಲಿ ಮೆಚ್ಚಬೇಕಾದುದು ಅದರ ಅಪನಂಬಿಕೆ. ಮೀಸಲು ಜಾಗವನ್ನು ಮೊದಲನೆಯ ಕರ್ನಲ್ ಬೇರಾವ ಕೆಲಸಕ್ಕೂ ಬಳಸದಿರುವುದರಿಂದ, ಕರ್ನಲ್ ಬಿದ್ದ ಮೇಲೂ ಡಿಸ್ಕು, ನೆಟ್‌ವರ್ಕ್ ಮೊದಲಾದ ಸಾಧನಗಳು ತಮಗೆ ಹಿಂದೆ ಒಪ್ಪಿಸಿದ್ದ ವಿಳಾಸಗಳಿಗೆ ಬರೆಯುತ್ತಿದ್ದರೆ ಆ ಬರಹ ಎರಡನೆಯ ಕರ್ನಲ್‌ನ ಮೇಲೆ ಬೀಳುವುದಿಲ್ಲ. ಅದೂ ಸಾಲದೆಂದು, ಹಾರುವ ಮುನ್ನ ಪುಟ್ಟ ಭಾಗವೊಂದು ಎರಡನೆಯ ಕರ್ನಲ್‌ನ ಮೊಹರನ್ನು ಲೆಕ್ಕಹಾಕಿ, ಮೊದಲು ಮಲಗಿಸಿದಾಗ ಇದ್ದುದೇ ಇದೆಯೇ ಎಂದು ಪರಿಶೀಲಿಸುತ್ತದೆ. ತಾಳೆಯಾಗದಿದ್ದರೆ ಹಾರದೆ ಅಲ್ಲಿಯೇ ಸುತ್ತುತ್ತ ನಿಲ್ಲುತ್ತದೆ. ಆ ಭಾಗದ ಹೆಸರು ‘ಪರ್ಗೆಟರಿ’, ರೋಮನ್ ಕ್ಯಾಥೊಲಿಕರ ನಂಬಿಕೆಯಲ್ಲಿ ಸತ್ತ ಜೀವವು ಶುದ್ಧಿಗಾಗಿ ಕಾಯುವ ಎಡೆ. ಹೆಸರಿಟ್ಟವರಿಗೆ ವಿನೋದವೂ ಗೊತ್ತಿತ್ತೆನ್ನಬೇಕು.

ಮೊದಲು ಹೇಳಿದ ಎರಡು ಪಕ್ಷಗಳ ವಾದವನ್ನು ಇದರ ಬೆಳಕಿನಲ್ಲಿ ತೂಗಬೇಕು. ಯಂತ್ರ ಬಿದ್ದರೆ ವರದಿ ಸಿಕ್ಕದು ಎಂಬುದು ಎಚ್ಚರಿಕೆಯ ಪಕ್ಷದ ಮುಖ್ಯ ಆಧಾರವಾಗಿತ್ತಷ್ಟೆ. ಕೆಡಂಪ್ ಇರುವಲ್ಲಿ ಆ ಆಧಾರ ಕುಸಿಯುತ್ತದೆ. ಬಿದ್ದ ಯಂತ್ರವೇ ಹೆಚ್ಚು ಸಾಕ್ಷ್ಯವನ್ನು ಕೊಡುತ್ತದೆ, ಓಡುತ್ತಲೇ ಹೋದ ಯಂತ್ರ ತನ್ನ ಸಾಕ್ಷ್ಯವನ್ನು ತಾನೇ ತುಳಿದು ಅಳಿಸುತ್ತದೆ. ಆದರೆ ಬಗ್ ಪಕ್ಷಕ್ಕೂ ಇದರಿಂದ ಪೂರ್ಣ ಜಯವಿಲ್ಲ. ಪ್ರೋಗ್ರಾಮನ್ನು ಮಾತ್ರ ಕೊಂದು ಯಂತ್ರವನ್ನು ಕುಂಟುವಂತೆ ಬಿಡುವ ಬಗ್ ಕೆಡಂಪನ್ನು ಎಬ್ಬಿಸುವುದಿಲ್ಲ. ಆಘಾತವಾದೊಡನೆ ಪೂರ್ತಿ ನಿಲ್ಲಬೇಕೆಂದು ಆಡಳಿತಗಾರನು ಮೊದಲೇ ಗೊತ್ತುಪಡಿಸಿರಬೇಕು. ಕುಕ್ ಅವರ ಆಯ್ಕೆಯನ್ನು ಹಚ್ಚಿ, ಈ ಎರಡನೆಯದನ್ನು ಮರೆತ ಕರ್ನಲ್ ಎರಡು ಪಕ್ಷಗಳ ದೋಷಗಳನ್ನೂ ಒಟ್ಟಿಗೆ ಹೊತ್ತಿರುತ್ತದೆ.

ಕೆಡಂಪಿಗೆ ಬೆಲೆಯೂ ಉಂಟು. ಮೀಸಲಿಟ್ಟ ನೂರಾರು ಮೆಗಾಬೈಟು ಮೆಮೊರಿ ಎಂದೂ ಬೇರೆ ಕೆಲಸಕ್ಕೆ ಬಾರದು. ದೊಡ್ಡ ಸರ್ವರುಗಳಿಗೆ ಇದು ಲೆಕ್ಕಕ್ಕಿಲ್ಲ, ಅಂಗಡಿಯ ಅಗ್ಗದ ಯಂತ್ರಕ್ಕೆ ಭಾರ. ಅಂಥ ಕಡೆಗಳಲ್ಲಿ ೨೦೧೧ರಿಂದ ಬಂದ ‘ಪಿಸ್ಟೋರ್’ ಎಂಬ ಕಿರಿಯ ಏರ್ಪಾಡನ್ನು ಬಳಸಬಹುದು. ಇಡೀ ಮೆಮೊರಿಯ ಬದಲು ವರದಿಯ ಕೊನೆಯ ಸಾಲುಗಳನ್ನು ಮಾತ್ರ, ಮರುಪ್ರಾರಂಭದಲ್ಲಿ ಅಳಿಯದ ಪುಟ್ಟ ಸಂಗ್ರಹದಲ್ಲಿ ಇದು ಉಳಿಸುತ್ತದೆ. ಯಂತ್ರ ಮತ್ತೆ ಎದ್ದ ಮೇಲೆ ಆ ಸಾಲುಗಳು ಕಡತಗಳಾಗಿ ದೊರೆಯುತ್ತವೆ. ಕಡತವನ್ನು ಅಳಿಸಿದರೆ ಸಂಗ್ರಹದಲ್ಲಿನ ಮೂಲವೂ ಅಳಿಯುವುದರಿಂದ, ಪ್ರಯೋಗಶಾಲೆಯಲ್ಲಿ ಇದನ್ನು ಮಾಡಿ ನೋಡುವ ವಿದ್ಯಾರ್ಥಿಗಳು ಮೊದಲು ಪ್ರತಿಯೊಂದನ್ನು ಬೇರೆಡೆಗೆ ಎತ್ತಿಟ್ಟುಕೊಂಡು ಆಮೇಲೆ ಓದಲು ಕೂರತಕ್ಕದ್ದು.